ಬುತ್ತಿ ಹೊತ್ತವನ ಕಥೆ

ಟಾಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟಗಳಾಗಿ ಬಂತು. ಅದರ ಪಾತ್ರಗಳು ನಮಗೆ ಅಷ್ಟೇನೂ ಹೊಸಬರಲ್ಲ. ಗುರುತು ಮರೆಸಿಕೊಂಡು ತಿರುಗುವ ರಾಜ ಅರಾಗಾರ್ನ್, ಸತ್ತೇಹೋದ ಅಂದುಕೊಂಡಾಗ ಮರಳಿ ಬರುವ ಮಾಂತ್ರಿಕ ಗ್ಯಾಂಡಾಲ್ಫ್. ಇಂಥವರನ್ನು ಅಜ್ಜಿ ಕಥೆಗಳಲ್ಲೂ ಕೇಳಿದ್ದೇವೆ.

ನಮ್ಮನ್ನು ಹಿಡಿದು ನಿಲ್ಲಿಸಿದವನು ಸ್ಯಾಮ್. ಅವನು ತೋಟದ ಕೆಲಸದವನು. ದಾರಿಯುದ್ದಕ್ಕೂ ಬುತ್ತಿ, ಪಾತ್ರೆ ಹೊರುತ್ತಾನೆ. ಕೆಟ್ಟ ಉಂಗುರವನ್ನು ಬೆಂಕಿಬೆಟ್ಟಕ್ಕೆ ಹಾಕಲು ಹೊರಟ ಒಡೆಯ ಫ್ರೋಡೋ ನಡೆಯಲಾರದೆ ಬಿದ್ದಾಗ, ಅವನನ್ನೇ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುತ್ತಾನೆ.

ಆದರೆ ಬೆಂಕಿಯ ಅಂಚಿನಲ್ಲಿ ನಾಯಕನೇ ಸೋಲುತ್ತಾನೆ, ಉಂಗುರ ತನ್ನದೇ ಅನ್ನುತ್ತಾನೆ. ಆಗ ಉಂಗುರದ ಹುಚ್ಚು ಹಿಡಿದ ಗಾಲಮ್ ಅವನ ಬೆರಳನ್ನೇ ಕಚ್ಚಿ ಕಿತ್ತುಕೊಂಡು, ಕಾಲು ಜಾರಿ ಉಂಗುರದ ಸಮೇತ ಬೆಂಕಿಗೆ ಬೀಳುತ್ತಾನೆ. ಹಿಂದೆ ಬಿಲ್ಬೋ, ಫ್ರೋಡೋ, ಕೊನೆಗೆ ಸ್ಯಾಮ್ ಕೂಡ ಈ ಗಾಲಮ್‌ನನ್ನು ಕೊಲ್ಲದೆ ಬಿಟ್ಟಿದ್ದರು. ಆ ಕರುಣೆಯೇ ಲೋಕವನ್ನು ಉಳಿಸಿತು.

ಗೆದ್ದ ಮೇಲೆ ರಾಜನಿಗೆ ಕಿರೀಟ ಸಿಗುತ್ತದೆ. ಫ್ರೋಡೋನ ಗಾಯ ಮಾಯುವುದಿಲ್ಲ, ಅವನು ಕಡಲಾಚೆ ಹೊರಟುಹೋಗುತ್ತಾನೆ. ಸ್ಯಾಮ್ ಊರಿಗೆ ಬಂದು, ವೈರಿಗಳು ಮರ ಕಡಿದ ಜಾಗದಲ್ಲೆಲ್ಲ ಸಸಿ ನೆಡುತ್ತಾನೆ. ಮುಂದೆ ಊರವರು ಅವನನ್ನು ಏಳು ಸಲ ಮೇಯರ್ ಮಾಡುತ್ತಾರೆ.

ನಾವಂತೂ ಈಗ ಯಾವ ಕಥೆ ಓದಿದರೂ, ಅದರಲ್ಲಿ ಬುತ್ತಿ ಹೊತ್ತವರು ಯಾರು ಎಂದು ಮೊದಲು ಹುಡುಕುತ್ತೇವೆ.