ರಿಟೈರ್ ಆದವರ ಹೆಸರಲ್ಲೊಂದು ಜಾಬ್

ನಾವೆಲ್ಲ ಮೇಷ್ಟ್ರು ಅಂತ ಕರೀತಿದ್ದ ಹಿರಿಯ ಸಹೋದ್ಯೋಗಿ ರಿಟೈರ್ ಆಗಿ ಎಂಟು ತಿಂಗಳಾಗಿತ್ತು. ಹೆಸರು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಊರಲ್ಲಿ ಅಡಿಕೆ ತೋಟ ನೋಡ್ಕೊಂಡಿರೋ ಮನುಷ್ಯ ರಾತ್ರಿ ಎರಡು ಗಂಟೆಗೆ ವಿಮೆ ಕಂತಿನ ಫೈಲ್ ತಿದ್ದೋದು ಹೇಗೆ ಅಂತ ಆಡಿಟ್‌ನವರು ಲಾಗ್ ಹಿಡಿದು ಕೇಳಿದರು. ಕೇಳಿದ ಧಾಟಿ ನನಗೆ ಹಿಡಿಸಲಿಲ್ಲ. ಜೀವಮಾನವಿಡೀ ಒಂದು ರೂಪಾಯಿ ಲೆಕ್ಕ ತಪ್ಪದವರು ಅವರು.

ಯಂತ್ರ ಎಎಸ್/400. 1988ರಲ್ಲಿ ಐಬಿಎಂ ತಂದದ್ದು. ಅದರ ವಂಶ ಇವತ್ತಿಗೂ 'ಐಬಿಎಂ ಐ' ಹೆಸರಲ್ಲಿ ನಡೀತಿದೆ. ಹಸಿರು ಪರದೆ ನೋಡಿ ನಗಬೇಡಿ. ಇದರಲ್ಲಿ ಕೆಲಸಗಳೆಲ್ಲ ಸಬ್‌ಸಿಸ್ಟಮ್ ಅನ್ನೋ ಅಂಗಳಗಳಲ್ಲಿ ನಡೆಯುತ್ತವೆ. ಅಂಗಳದ ಬಾಗಿಲು ತೆರೆದ ಕೂಡಲೇ ಯಾರೂ ಕರೆಯದೆ ಎದ್ದು ಕೂರೋದು ಆಟೋಸ್ಟಾರ್ಟ್ ಜಾಬ್. ಯಾವ ಪ್ರೋಗ್ರಾಂ ಓಡಿಸಬೇಕು, ಯಾರ ಹೆಸರಲ್ಲಿ ಓಡಿಸಬೇಕು ಅನ್ನೋದೆಲ್ಲ ಜಾಬ್ ಡಿಸ್ಕ್ರಿಪ್ಶನ್ನಿನಲ್ಲಿರುತ್ತೆ. ಅಲ್ಲಿ ಯೂಸರ್ ಹೆಸರು ಬರೀಲೇಬೇಕು. ಮೇಷ್ಟ್ರು ಆವತ್ತಿನ ಅವಸರದಲ್ಲಿ ತಮ್ಮ ಹೆಸರನ್ನೇ ಬರೆದಿದ್ದರು.

ನಮ್ಮೂರ ಪಹಣಿಯದೂ ಇದೇ ಕತೆ ನೋಡಿ. ತಾತ ಹೋಗಿ ಇಪ್ಪತ್ತು ವರ್ಷವಾದರೂ ಜಮೀನು ಅವರ ಹೆಸರಲ್ಲೇ ಇತ್ತು. ಉಳುಮೆ ನಿಲ್ಲಲಿಲ್ಲ, ಫಸಲೂ ಬಂತು. ಬೆಳೆ ಸಾಲ ಕೇಳೋಕೆ ಹೋದಾಗ ಮಾತ್ರ ಪೌತಿ ಖಾತೆ ಆಗಿಲ್ಲ ಅನ್ನೋದು ನೆನಪಾಯ್ತು.

ಸೆಕ್ಯೂರಿಟಿ ತಂಡದವರು ಮೇಷ್ಟ್ರ ಪ್ರೊಫೈಲ್ ಡಿಸೇಬಲ್ ಮಾಡಿದರು. ಅದರಿಂದ ಸೈನ್‌ಆನ್ ಆಗೋದು ತಪ್ಪುತ್ತೆ, ಓಡ್ತಿರೋ ಜಾಬ್‌ಗೆ ಅದರ ಪರಿವೆಯೇ ಇಲ್ಲ. ಅಳಿಸೋಕೆ ಹೋದರೆ, ಆ ಹೆಸರಲ್ಲಿ ಕೆಲಸ ನಡೀತಿದೆ, ಆಗಲ್ಲ ಅಂತು ಯಂತ್ರ.

ಖಾತೆ ಬದಲಾವಣೆ ನನ್ನ ಪಾಲಿಗೆ ಬಂತು. ಮೊದಲು ಈ ಕೆಲಸಕ್ಕೇ ಅಂತ ಒಂದು ಪ್ರೊಫೈಲ್ ಮಾಡಿದೆ. ಅದಕ್ಕೆ ಪಾಸ್‌ವರ್ಡೇ ಇಲ್ಲ, ಹಾಗಾಗಿ ಯಾರೂ ಲಾಗಿನ್ ಆಗೋ ಹಾಗಿಲ್ಲ. ಬೇಕಾದ ಫೈಲ್‌ಗಳಿಗಷ್ಟೇ ಅನುಮತಿ ಕೊಟ್ಟೆ. ಜಾಬ್ ಡಿಸ್ಕ್ರಿಪ್ಶನ್ ಹೊಸದು ಬರೆದು ಆಟೋಸ್ಟಾರ್ಟ್ ಎಂಟ್ರಿಯನ್ನು ಅದರತ್ತ ತಿರುಗಿಸಿದೆ. ಇಷ್ಟಕ್ಕೆ ಅರ್ಧ ಗಂಟೆ. ಆದರೆ ಎಂಟ್ರಿ ಬದಲಿಸಿದ ತಕ್ಷಣ ಏನೂ ಆಗಲ್ಲ, ಸಬ್‌ಸಿಸ್ಟಮ್ ನಿಂತು ಮತ್ತೆ ಶುರುವಾದಾಗಲೇ ಜಾರಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೂ ಇವತ್ತು ಗೊತ್ತಾಗದೆ, ಮುಂದೆಂದೋ ಯಂತ್ರ ಮತ್ತೆ ಶುರುವಾದ ರಾತ್ರಿ, ಪಾಲಿಸಿದಾರರು ಕಟ್ಟಿದ ಕಂತು ಜಮೆಯಾಗದೆ ಉಳಿದಾಗ ಗೊತ್ತಾಗುತ್ತೆ. ಅದಕ್ಕೇ ಭಾನುವಾರ ರಾತ್ರಿ ಅನುಮತಿ ಪಡೆದು ನಿಲ್ಲಿಸಿ, ಶುರು ಮಾಡಿ ನೋಡಿದೆ. ಪರದೆಯಲ್ಲಿ ಹೊಸ ಯೂಸರ್, ಟೈಪ್ ಎಎಸ್‌ಜೆ. ಹಳೆ ಪ್ರೊಫೈಲಿನ ಒಡೆತನದಲ್ಲಿದ್ದ ಪ್ರೋಗ್ರಾಂಗಳನ್ನೂ ವರ್ಗಾಯಿಸಿ, ಆಮೇಲೆ ಅಳಿಸಿದೆ.

ಬೆಳಿಗ್ಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ಆಡಿಟ್ ಮಾತು ಕೇಳಿ ನಕ್ಕರು. ಆಮೇಲೆ, "ಸಬ್‌ಸಿಸ್ಟಮ್ ನಿಲ್ಲಿಸಿದಾಗ ಕೈಲಿರೋ ಫೈಲ್ ಮುಗಿಸಿಯೇ ನಿಲ್ಲುತ್ತಲ್ವಾ? ಆ ಚೆಕ್ ತೆಗೆದಿಲ್ಲ ತಾನೇ?" ಅಂದರು.

ತೆಗೆದಿರಲಿಲ್ಲ.