ಕಾಲುವೆಯ ನೀರು ಕಾಲುವೆಯದಲ್ಲ



ಹಸಿದವರಿಗೆ ನೀಡುವುದು ಧರ್ಮವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರು. ಆದರೆ ನೀಡುವ ಹಣ ನಮ್ಮದಲ್ಲದಿದ್ದಾಗ, ನೀಡುವುದೇ ನಮ್ಮ ಸಂಬಳದ ಕೆಲಸವಾದಾಗ, ಆ ಧರ್ಮದ ಸ್ವರೂಪವೇನು? ಸೋಲದೇವನಹಳ್ಳಿಯ ಒಂದು ಚಿಕ್ಕ ಟ್ರಸ್ಟಿನಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಂದಿನಿಂದ ಈ ಪ್ರಶ್ನೆ ನನ್ನ ಜೊತೆಗೇ ಇದೆ.

ನಮ್ಮ ಟ್ರಸ್ಟು ತಾನಾಗಿ ಶಾಲೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ನಡೆಸುವುದಿಲ್ಲ. ಸುತ್ತಲಿನ ಊರುಗಳಲ್ಲಿ ಒಳ್ಳೆಯ ಕೆಲಸ ಮಾಡುವ ಸಂಘಗಳಿಗೆ ಅನುದಾನ ಕೊಡುವುದಷ್ಟೇ ಅದರ ಕಾರ್ಯ. ಸ್ಥಳೀಯ ದಾನಿಗಳ ವಂತಿಗೆ ಒಂದು ಪಾಲು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಇನ್ನೊಂದು ಪಾಲು. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಇಂಥ ಕಾರ್ಯಗಳಿಗೆ ವಿನಿಯೋಗಿಸಬೇಕು. ಧರ್ಮಾರ್ಥ ಟ್ರಸ್ಟುಗಳು ತೆರಿಗೆ ವಿನಾಯಿತಿ ಪಡೆಯಬೇಕಾದರೆ ವರ್ಷದ ಆದಾಯದಲ್ಲಿ ಸಾಮಾನ್ಯವಾಗಿ ಶೇ. 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ಬಳಸಿರಬೇಕು. ಹಣ ಬರುವುದಕ್ಕೂ ನಿಯಮವಿದೆ, ಹೋಗುವುದಕ್ಕೂ ನಿಯಮವಿದೆ. ನನ್ನ ಕೆಲಸ ಇವೆರಡರ ನಡುವೆ: ಅರ್ಜಿಗಳನ್ನು ಓದುವುದು, ಸ್ಥಳಕ್ಕೆ ಹೋಗಿ ನೋಡುವುದು, ಧರ್ಮದರ್ಶಿಗಳ ಸಭೆಗೆ ಟಿಪ್ಪಣಿ ಬರೆಯುವುದು, ಕೊಟ್ಟ ಹಣದ ಲೆಕ್ಕ ಕೇಳುವುದು.

ಈ ಕೆಲಸವನ್ನು ಅರ್ಥಮಾಡಿಕೊಳ್ಳಲು ನನಗೆ ಸೋಲದೇವನಹಳ್ಳಿಯ ಚರಿತ್ರೆಯೇ ನೆರವಾಯಿತು. ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿ ನೀರು ಬಂದದ್ದು 1896ರಲ್ಲಿ, ಅರ್ಕಾವತಿಗೆ ಅಡ್ಡಲಾಗಿರುವ ಹೆಸರಘಟ್ಟ ಕೆರೆಯಿಂದ. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಕೆರೆಯ ನೀರು ಇಟ್ಟಿಗೆ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಸೋಲದೇವನಹಳ್ಳಿಯವರೆಗೆ ಹರಿದು ಬರುತ್ತಿತ್ತು. ಇಲ್ಲಿಂದ ಅದನ್ನು ಯಂತ್ರಗಳ ಮೂಲಕ ಮೇಲೆತ್ತಿ ನಗರಕ್ಕೆ ಕಳಿಸುತ್ತಿದ್ದರು. ನೀರು ಈ ಊರಿನದಲ್ಲ. ಕುಡಿಯುವ ಬಾಯಿಗಳೂ ಈ ಊರಿನವಲ್ಲ. ಆದರೂ ಇಲ್ಲಿಯ ಯಂತ್ರ ನಿಂತರೆ ನಗರದ ನಲ್ಲಿ ಒಣಗುತ್ತಿತ್ತು. ಅನುದಾನ ಕೊಡುವ ಕಚೇರಿಯೂ ಹೀಗೆಯೇ. ಕಾಲುವೆಯಲ್ಲಿ ಹರಿಯುವ ನೀರು ಕಾಲುವೆಯದಲ್ಲ. ಸೋರದಂತೆ, ಹೊಲಸಾಗದಂತೆ ಮುಂದಕ್ಕೆ ಸಾಗಿಸುವುದಷ್ಟೇ ಅದರ ಕಾಯಕ.

ಇದು ಸುಲಭವಾಗಿ ತೋರುತ್ತದೆ. ಆದರೆ ಕಚೇರಿಯ ಕುರ್ಚಿಯಲ್ಲಿ ಕುಳಿತವರಿಗೆ ಒಂದು ಪರೀಕ್ಷೆ ಪ್ರತಿದಿನವೂ ಕಾದಿರುತ್ತದೆ. ಬಂದವರು ಕೈ ಮುಗಿಯುತ್ತಾರೆ. ವಯಸ್ಸಿನಲ್ಲಿ ಹಿರಿಯರಾದವರೂ ಎದ್ದು ನಿಲ್ಲುತ್ತಾರೆ. ನಾಲ್ಕು ದಿನ ಇದನ್ನು ಕಂಡರೆ ಸಾಕು, ‘ನಾನು ಕೊಡುವವನು’ ಎಂಬ ಭಾವ ಮನಸ್ಸಿನ ಮೂಲೆಯಲ್ಲಿ ಮೊಳೆಯತೊಡಗುತ್ತದೆ. ಶರಣರು ದಾನಕ್ಕಿಂತ ದಾಸೋಹವನ್ನು ಮಿಗಿಲೆಂದು ಭಾವಿಸಿದ ಮರ್ಮ ಇಲ್ಲಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನದೇ ಗಳಿಕೆಯನ್ನು ಕೊಡುವಾಗಲೇ ‘ನಾನು’ ಎನ್ನಬಾರದೆಂದಮೇಲೆ, ಪರರ ಹಣವನ್ನು ಕೊಡುವವನು ಬೀಗುವುದಕ್ಕೆ ಎಡೆಯೆಲ್ಲಿದೆ?

ನಮ್ಮ ನಗರದಲ್ಲಿಯೇ ಇದಕ್ಕೊಂದು ಮೇಲ್ಪಂಕ್ತಿಯಿದೆ. ಗುಬ್ಬಿಯಿಂದ ಬಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಯಾತ್ರಿಕರಿಗಾಗಿ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ತೋಟದಪ್ಪನವರು 1910ರಲ್ಲಿ ಲಿಂಗೈಕ್ಯರಾದರು. ಅವರು ತಮ್ಮ ಸಂಪತ್ತನ್ನು ಧರ್ಮಸಂಸ್ಥೆಗೆ ಒಪ್ಪಿಸಿಹೋದದ್ದರಿಂದ ಆ ಛತ್ರವೂ ವಿದ್ಯಾರ್ಥಿನಿಲಯವೂ ತಲೆಮಾರುಗಳ ಕಾಲ ನಡೆದುಬಂದಿವೆ. ಕೊಟ್ಟವರು ಒಬ್ಬರು, ಲೆಕ್ಕ ಬರೆದವರು, ಬೀಗ ತೆರೆದವರು, ಅಡುಗೆ ಮಾಡಿದವರು ನೂರಾರು ಜನ. ಅವರ ಹೆಸರು ಯಾವ ಫಲಕದ ಮೇಲೂ ಇರಲಾರದು. ಆದರೂ ದಾನಿಯ ಸಂಕಲ್ಪ ಬದುಕಿ ಉಳಿದದ್ದು ಅವರ ಪ್ರಾಮಾಣಿಕತೆಯಿಂದ.

ಹೆಸರಘಟ್ಟದ ಕಡೆಯ ಒಂದು ಹಳ್ಳಿಯಿಂದ ಮಹಿಳಾ ಸಂಘವೊಂದರ ಅರ್ಜಿ ಬಂದಿತ್ತು. ಹೊಲಿಗೆ ಯಂತ್ರಗಳಿಗಾಗಿ. ಇಂಥ ಸಂಘಗಳಿಗೆ ಐದು ಯಂತ್ರಗಳವರೆಗೆ ಕೊಡಲು ನಮ್ಮಲ್ಲಿ ಅವಕಾಶವಿದೆ. ಸ್ಥಳ ನೋಡಲು ಹೋದಾಗ ಹಾಗೆಂದು ಹೇಳಿದೆ. ಸಂಘದ ಹಿರಿಯ ಹೆಣ್ಣುಮಗಳು ತಲೆಯಾಡಿಸಿ, “ಐದು ಬ್ಯಾಡ ಅಣ್ಣಾ, ಎರಡು ಸಾಕು. ಹೊಲಿಯೋರು ಇರೋದೇ ನಾಕು ಜನ, ಸರದಿ ಮೇಲೆ ಹೊಲ್ಕೋತೀವಿ. ಐದು ಇಟ್ಕಂಡ್ರೆ ಮೂರು ತುಕ್ಕು ಹಿಡೀತವೆ. ಮಿಕ್ಕಿದ್ದು ಬೇರೆ ಊರಿಗೆ ಕೊಡಿ” ಎಂದರು.

ಆ ಮಾತು ಕೇಳಿದೊಡನೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಅವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗಿಷ್ಟು ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಬಡತನವೆಂಬುದು ಕೈಯಲ್ಲಿರಬಹುದು, ಮನಸ್ಸಿನಲ್ಲಿರಬೇಕಾಗಿಲ್ಲ ಎಂಬುದನ್ನು ಆ ತಾಯಿ ಅಂದು ತೋರಿದರು. ಆ ಹಳ್ಳಿಯ ಹೆಣ್ಣುಮಗಳು ಅರ್ಜಿದಾರರಾಗಿ ನಮ್ಮ ಮುಂದೆ ನಿಂತಿದ್ದರು. ಆದರೆ ಅಂದು ಪಡೆದವನು ನಾನು. ಆ ಮೂರು ಯಂತ್ರಗಳು ಮುಂದೆ ಮತ್ತೊಂದು ಸಂಘಕ್ಕೆ ಹೋದವು.

ಎಲ್ಲ ದಿನಗಳೂ ಹೀಗಿರುವುದಿಲ್ಲ. ಒಬ್ಬ ತಂದೆ ಮಗಳ ಕಾಲೇಜಿನ ಶುಲ್ಕಕ್ಕೆ ನೆರವು ಕೋರಿದ್ದರು. ನಮ್ಮ ಟ್ರಸ್ಟಿನ ಪತ್ರದಂತೆ ಹಣ ಕೊಡಬಹುದಾದದ್ದು ಸಂಘಗಳಿಗೆ ಮಾತ್ರ, ವ್ಯಕ್ತಿಗಳಿಗಲ್ಲ. ನಾಲ್ಕು ಸಾಲಿನ ಪತ್ರದಲ್ಲಿ ಮುಗಿಯಬಹುದಾದ ವಿಷಯ. ಆದರೆ ನಮ್ಮ ಹಿರಿಯ ವ್ಯವಸ್ಥಾಪಕರು, “ಇಲ್ಲ ಎನ್ನುವ ಮಾತನ್ನು ಅಂಚೆಯಲ್ಲಿ ಕಳಿಸಬೇಡಿ. ಎದುರು ಕೂರಿಸಿಕೊಂಡು ಕಾರಣ ಹೇಳಿ” ಎಂದರು. ಹಾಗೆಯೇ ಮಾಡಿದೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಬಗೆಯನ್ನು ಬರೆದುಕೊಟ್ಟೆ. “ಕಾರಣವನ್ನಾದರೂ ಹೇಳಿದಿರಲ್ಲ ಸ್ವಾಮಿ” ಎಂದು ಅವರು ಎದ್ದು ಹೋದರು. ಆ ಮಗುವಿನ ಶುಲ್ಕ ಹೊಂದಿತೋ ಇಲ್ಲವೋ ಎಂಬ ಚಿಂತೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಇಂಥವರಿಗಾಗಿ ಏನು ಮಾಡಬಹುದೆಂದು ಧರ್ಮದರ್ಶಿಗಳು ಆಲೋಚಿಸಲೆಂದು ಮುಂದಿನ ಸಭೆಗೆ ಒಂದು ಟಿಪ್ಪಣಿ ಬರೆದಿಟ್ಟಿದ್ದೇನೆ.

ಕೊಡುವಾಗ ಬೀಗದಿರುವುದು ದಾಸೋಹದ ಒಂದು ಮುಖವಾದರೆ, ಕೊಡಲಾಗದಾಗ ಎದುರಿನವರ ಗೌರವಕ್ಕೆ ಕುಂದು ತಾರದಿರುವುದು ಅದರ ಇನ್ನೊಂದು ಮುಖ. ಎರಡನೆಯದೇ ಹೆಚ್ಚು ಕಠಿಣ.

ಸದ್ಭಕ್ತರಲ್ಲಿ ಅನೇಕರು ಸಹಕಾರ ಸಂಘಗಳಲ್ಲಿ, ಪ್ರಸಾದ ನಿಲಯಗಳಲ್ಲಿ, ಜಾತ್ರಾ ಸಮಿತಿಗಳಲ್ಲಿ ಹತ್ತು ಜನರ ಹಣವನ್ನು ಕೈಯಲ್ಲಿ ಹಿಡಿದವರಿದ್ದೀರಿ. ಲೆಕ್ಕದ ಪುಸ್ತಕ ಚೊಕ್ಕಟವಾಗಿರಬೇಕು ಎಂಬುದನ್ನು ನಿಮಗೆ ಯಾರೂ ಹೇಳಬೇಕಾಗಿಲ್ಲ. ಅದರ ಜೊತೆಗೆ, ನಮ್ಮೆದುರು ಕೈ ಮುಗಿದವರಿಗೆ ನಾವು ಮೊದಲು ಕುರ್ಚಿ ತೋರಿಸಿದೆವೇ ಎಂಬುದನ್ನೂ ದಿನದ ಕೊನೆಗೆ ಒಮ್ಮೆ ಕೇಳಿಕೊಳ್ಳೋಣ. ಕಾಯಕದ ಲೆಕ್ಕದಲ್ಲಿ ಅದೂ ಒಂದು ಸಾಲು.