ಅನ್ಯರ ಕಥೆಗಳ ಅಂಗಳದಲ್ಲಿ ಒಂದು ವರ್ಷ

ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ನಾನು 14 ಕಥೆಗಳನ್ನು ಬರೆದೆ. ಅವುಗಳ ಮುಖ್ಯ ಪಾತ್ರಗಳಲ್ಲಿ ಒಂದೂ ನನ್ನ ಸೃಷ್ಟಿಯಲ್ಲ. 34 ವರ್ಷ ತರಗತಿಯಲ್ಲಿ ಪಾಠ ಹೇಳಿದ ಪದ್ಯ, ನಾಟಕ, ಕಾದಂಬರಿಗಳಿಂದ ಎದ್ದು ಬಂದವರೇ ಎಲ್ಲರೂ. ಪಾಠ ಮುಗಿದ ಮೇಲೆ ಅವರೇನಾದರು ಎಂದು ಯೋಚಿಸಿ ಬರೆಯುವುದೇ ನನ್ನ ಬೆಳಗಿನ ಕಾಯಕವಾಯಿತು. ನೋಟುಬುಕ್ಕನ್ನು ಇಣುಕಿ ನೋಡಿದ ಮೊಮ್ಮಗ, "ಮುತ್ಯಾ, ಇದಕ್ಕ ಫ್ಯಾನ್ ಫಿಕ್ಷನ್ ಅಂತಾರ" ಎಂದು ನಕ್ಕ. ಮೆಚ್ಚಿದ ಕಥೆಯನ್ನು ಓದುಗನೇ ಮುಂದುವರಿಸುವುದಕ್ಕೆ ಹುಡುಗರು ಇಟ್ಟಿರುವ ಹೆಸರಂತೆ. ಇರಲಿ.

ಈ ಹವ್ಯಾಸಕ್ಕೆ ಕಾರಣವಾದ ಪ್ರಸಂಗವನ್ನು ನಿಮ್ಮೆದುರು ಹೇಳಿಕೊಳ್ಳಲೇಬೇಕು. ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದ ಕಾಲ. ಕಿರುಪರೀಕ್ಷೆಯಲ್ಲಿ 'ಗೋವಿನ ಹಾಡಿ'ನ ಸಾರಾಂಶವನ್ನು ಬರೆಯಲು ಹೇಳಿದ್ದೆ. ಐದು ಅಂಕಗಳ ಪ್ರಶ್ನೆ. ಪುಣ್ಯಕೋಟಿಯ ಸತ್ಯಕ್ಕೆ ಮಣಿದು ಹುಲಿ ಪ್ರಾಣ ಬಿಡುವುದು ನಾವೆಲ್ಲ ಬಲ್ಲ ಕಥೆ. ಒಬ್ಬ ಹುಡುಗಿ ಹಾಗೆ ಬರೆದಿರಲಿಲ್ಲ. ಅವಳ ಹುಲಿ ಹಸುವನ್ನು ಬಿಟ್ಟುಕೊಟ್ಟು, ಹಸಿದ ಹೊಟ್ಟೆಯಲ್ಲೇ ಗವಿಗೆ ಮರಳಿತು. ಅಲ್ಲಿ ಅದರ ಮರಿಗಳು, "ಏನು ತಂದಿ?" ಎಂದು ಕೇಳಿದವು. ಉತ್ತರ ಅಲ್ಲಿಗೇ ಮುಗಿದಿತ್ತು.

ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. 'ಕಥೆ ತಪ್ಪು' ಎಂದು ಬರೆದೆ. ಅಷ್ಟಕ್ಕೇ ಬಿಡದೆ ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಅವಳ ತಂದೆ ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಿದ್ದವರು. ಕುಟುಂಬ ಬೇರೆ ಕಡೆ ಹೋಯಿತೆಂದು ತಿಳಿಯಿತು. ಶಾಲೆ ಬಿಡುವುದಕ್ಕೆ ನನ್ನ ಸೊನ್ನೆಯೇ ಕಾರಣವೆಂದು ನಾನು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಕಳೆದ ಯುಗಾದಿಗೆ ತಿಂಗಳು ಮೊದಲು ವಾಡಿ ಜಂಕ್ಷನ್ನಿನಲ್ಲಿ ರೈಲಿಗಾಗಿ ಕಾಯುತ್ತಿದ್ದೆ. ಸೊಲ್ಲಾಪುರ, ಗುಂತಕಲ್ಲು, ಸಿಕಂದರಾಬಾದು ಮೂರೂ ದಿಕ್ಕಿನ ಹಳಿಗಳು ಕೂಡುವ ಆ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಗಳು ಸಿಗದ ದಿನವೇ ಅಪರೂಪ. ಮಗಳನ್ನು ಜೊತೆಯಲ್ಲಿ ಕರೆದುಕೊಂಡಿದ್ದ ಹೆಣ್ಣುಮಗಳೊಬ್ಬಳು ಬಂದು ಕಾಲಿಗೆರಗಿ ಗುರುತು ಹೇಳಿದಳು. ಅವಳೇ. ನಾನು ತಡವರಿಸುತ್ತ ಆ ಸೊನ್ನೆಯ ಮಾತು ತೆಗೆದೆ.

"ಮಾರ್ಕ್ಸ್ ನೆನಪಿಲ್ರಿ ಸರ. ನೀವು ಎಲ್ಲರ ಮುಂದ ಓದಿದ್ರಿ, ಎಲ್ಲರೂ ನಕ್ಕರು. ಅದು ನೆನಪ ಅದರಿ."

ದೂರಿನ ದನಿಯಿರಲಿಲ್ಲ. ಮಳೆಗಾಲದಲ್ಲಿ ಗಣಿಗೆ ನೀರು ತುಂಬಿ ಕೆಲಸ ನಿಂತಾಗ ಅಪ್ಪ ಬರಿಗೈಯಲ್ಲಿ ಮನೆಗೆ ಬರುತ್ತಿದ್ದ, ಚಿಕ್ಕ ತಮ್ಮಂದಿರು ಬಾಗಿಲಲ್ಲೇ ಅವನ ಕೈ ನೋಡುತ್ತಿದ್ದರು ಎಂದು ಸಹಜವಾಗಿ ಹೇಳಿದಳು. ಅಷ್ಟರಲ್ಲಿ ಅವಳ ರೈಲು ಬಂದಿತು.

ಯುಗಾದಿಯ ಮರುದಿನವೇ ನಾನು ಹುಲಿಯ ಕಥೆಯನ್ನು ಬರೆಯಲು ಕುಳಿತೆ. ಅದು ಒಲಿಯಲಿಲ್ಲ. ಕೈ ಪಳಗಲೆಂದು ಬೇರೆ ಕಥೆಗಳನ್ನು ಹಿಡಿದೆ. ಕಾರಂತರ 'ಚೋಮನ ದುಡಿ' (1933) ಕಾದಂಬರಿಯಲ್ಲಿ ಚೋಮ ಸತ್ತ ಮೇಲೆ ಮಗಳು ಬೆಳ್ಳಿ ಹೇಗೆ ಬದುಕಿದಳೆಂದು ಹತ್ತು ಪುಟ ಬರೆದೆ. ಓದಿ ನೋಡಿದರೆ ದಕ್ಷಿಣ ಕನ್ನಡದ ಬೆಳ್ಳಿ ನನ್ನ ಕಥೆಯಲ್ಲಿ ಮಾತುಮಾತಿಗೆ 'ಹೌದ್ರಿ' ಎನ್ನುತ್ತಿದ್ದಾಳೆ, ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ! ನನಗೇ ನಗು ಬಂದಿತು. ಆದರೆ ಒಂದು ಅರಿವೂ ಆಯಿತು. ಪರರ ಕಥೆಯೊಳಗೆ ನಾವು ಹೊಕ್ಕಾಗ ನಮ್ಮ ಮನೆಯ ಒಲೆಯನ್ನೂ ಹೊತ್ತುಕೊಂಡೇ ಹೋಗುತ್ತೇವೆ. ಆ ಹುಡುಗಿಯೂ ಹುಲಿಯ ಗವಿಗೆ ತನ್ನ ಮನೆಯ ಬಾಗಿಲನ್ನು ಒಯ್ದಿದ್ದಳು.

ಹಿರಿಯರ ಕಥೆಯನ್ನು ಹೀಗೆ ಮುಟ್ಟಬಹುದೇ ಎಂಬ ಅಳುಕು ನನ್ನನ್ನು ಬಹಳ ದಿನ ಕಾಡಿತು. ಉತ್ತರ ನಮ್ಮ ನೆರೆಯಲ್ಲೇ ಇತ್ತು. ಸೇಡಂ ತಾಲ್ಲೂಕಿನ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿನ ಅರಸು ನೃಪತುಂಗನ ಆಶ್ರಯದಲ್ಲಿ, ಸುಮಾರು 850ರಲ್ಲಿ, ಹುಟ್ಟಿದ 'ಕವಿರಾಜಮಾರ್ಗ' ದಂಡಿಯ 'ಕಾವ್ಯಾದರ್ಶ'ವನ್ನು ಆಧರಿಸಿಯೂ ಕನ್ನಡದ್ದೇ ಗ್ರಂಥವಾಯಿತು. ಆ ರಾಷ್ಟ್ರಕೂಟರ ಸಾಮಂತನಾಗಿದ್ದ ಅರಿಕೇಸರಿಯ ಆಸ್ಥಾನದಲ್ಲಿ ಪಂಪನು 941ರಲ್ಲಿ ಭಾರತವನ್ನು ಹೇಳುವಾಗ ತನ್ನ ದೊರೆಯನ್ನೇ ಅರ್ಜುನನೊಡನೆ ಒಂದಾಗಿಸಿದ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ. ವ್ಯಾಸರ ಕಥೆಯನ್ನು ತಿದ್ದಿದನೆಂದು ಪಂಪನಿಗೆ ಸೊನ್ನೆ ಹಾಕಿದ ಮೇಷ್ಟ್ರು ಯಾರೂ ಇಲ್ಲ.

ಈಚಿನ ಮಾತೂ ಉಂಟು. ಕುವೆಂಪು ಅವರ 'ಶೂದ್ರ ತಪಸ್ವಿ'ಯಲ್ಲಿ (1944) ಶಂಬೂಕ ಸಾಯುವುದಿಲ್ಲ. ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸುವುದನ್ನು ಮಾಸ್ತಿಯವರು ಆಕ್ಷೇಪಿಸಿದ್ದರು. ಇಬ್ಬರ ವಾದವನ್ನೂ ನಾನು ವಿದ್ಯಾರ್ಥಿಗಳಿಗೆ ಗೌರವದಿಂದಲೇ ವಿವರಿಸುತ್ತಿದ್ದೆ. ಕವಿಗಳಿಗೆ ಕೊಟ್ಟ ಆ ಗೌರವವನ್ನು ಹನ್ನೆರಡು ವರ್ಷದ ಮಗುವಿಗೆ ಕೊಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಶ್ರಾವಣದ ಹೊತ್ತಿಗೆ ಮತ್ತೆ ಹುಲಿಯ ಬಳಿಗೆ ಬಂದೆ. ಐದು ಬಗೆಯಲ್ಲಿ ಮುಗಿಸಿ ನೋಡಿದೆ. ಹುಲಿ ಹಸುವನ್ನು ತಿಂದರೆ ಸತ್ಯಕ್ಕೆ ಬೆಲೆಯಿಲ್ಲ. ಹುಲಿ ಹುಲ್ಲು ಮೇಯ್ದರೆ ಅದು ಹುಲಿಯಲ್ಲ. ಗೊಲ್ಲ ಕಾಳಿಂಗ ಬಂದು ಬಿಡಿಸಿದರೆ ಪುಣ್ಯಕೋಟಿಯ ನಡೆ ವ್ಯರ್ಥ. ಬೇರೊಂದು ಬೇಟೆ ಸಿಕ್ಕಿತೆಂದರೆ ಆ ಬೇಟೆಗೂ ಒಂದು ಕರು ಇದ್ದೀತು. ಹಾಡು ಕಟ್ಟಿದ ಅಜ್ಞಾತ ಕವಿ ಹುಲಿಯನ್ನು ಏಕೆ ಸಾಯಿಸಿದನೆಂದು ಇಷ್ಟು ವರ್ಷ ಪಾಠ ಮಾಡಿದ ಮೇಲೆ ಆಗ ಅರ್ಥವಾಯಿತು. ಬೇರೆ ದಾರಿಯೇ ಅವನಿಗೆ ಇರಲಿಲ್ಲ. ಐದನೆಯದಾಗಿ ಅವಳು ನಿಲ್ಲಿಸಿದ ಕಡೆಯಿಂದ ಮುಂದುವರಿಸಿ, ಮರಿಗಳಿಗೆ ಹುಲಿಯ ಬಾಯಿಂದ ಸತ್ಯದ ಮಹಿಮೆಯನ್ನು ಹೇಳಿಸಿದೆ. ಮರುದಿನ ಓದಿದಾಗ ಅದು ಹುಲಿಯ ಮಾತಾಗಿರಲಿಲ್ಲ, ಮೇಷ್ಟ್ರ ಮಾತಾಗಿತ್ತು. ಹಸಿದ ಮರಿಗಳ ಮುಂದೆ ಉಪದೇಶ! ಆ ಪುಟವನ್ನು ಹರಿದು ಹಾಕಿದೆ.

ಕೊನೆಗೆ ನನ್ನ ಕಥೆಯೂ ಅವಳ ಉತ್ತರ ನಿಂತಲ್ಲಿಯೇ ನಿಂತಿತು: "ಏನು ತಂದಿ?" ವರ್ಷವಿಡೀ ಹೆಣಗಿ ನಾನು ಮುಟ್ಟಿದ ಸ್ಥಳವನ್ನು ಅವಳು ಅರ್ಧ ಗಂಟೆಯ ಪರೀಕ್ಷೆಯಲ್ಲಿ ಮುಟ್ಟಿದ್ದಳು. ಅವಳು ಹಾಡನ್ನು ತಪ್ಪಾಗಿ ಓದಿರಲಿಲ್ಲ. ನಾವೆಲ್ಲ ಕೊಟ್ಟಿಗೆಯಲ್ಲಿ ಕಾಯುವ ಕರುವಿಗಾಗಿ ಅತ್ತೆವು. ಅವಳು ಗವಿಯಲ್ಲಿ ಕಾಯುವ ಮರಿಗಳನ್ನೂ ಕಂಡಿದ್ದಳು.

ಈ 14 ಕಥೆಗಳನ್ನು ಅಚ್ಚು ಮಾಡಿಸುವ ಆಸೆ ನನಗಿಲ್ಲ, ಪಾತ್ರಗಳು ನನ್ನವಲ್ಲ. ಹುಲಿಯ ಕಥೆಯನ್ನು ಮಾತ್ರ ಚೊಕ್ಕ ಅಕ್ಷರದಲ್ಲಿ ಬರೆದು, ಪರಿಚಿತರ ಮೂಲಕ ಅವಳಿಗೆ ಕಳುಹಿಸಿದೆ. ಮೇಲೆ ಅವಳ ಹೆಸರನ್ನು ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಐದಕ್ಕೆ ಐದು ಎಂದು ನಮೂದಿಸಿದೆ. ಇಷ್ಟು ತಡವಾಗಿ ಕೊಟ್ಟ ಅಂಕ ಯಾವ ದಾಖಲೆಗೂ ಸೇರದೆಂದು ಬಲ್ಲೆ.

ಶಹಾಬಾದಿನಿಂದ ಚಿಂಚೋಳಿಯವರೆಗೆ ನಾನು ಕಲಿಸಿದ ಊರುಗಳ ನೀವು ಈಗ ಎಲ್ಲೆಲ್ಲಿಯೋ ಇದ್ದೀರಿ. ನಿಮ್ಮ ಉತ್ತರಗಳ ಮೇಲೂ ನಾನು 'ಕಥೆ ತಪ್ಪು' ಎಂದು ಗೀಚಿದ್ದರೆ, ಆ ಉತ್ತರ ನಿಮಗೆ ನೆನಪಿದ್ದರೆ, ದಯವಿಟ್ಟು ಇನ್ನೊಮ್ಮೆ ಬರೆದು ಕಳುಹಿಸಿ. ಈ ಸಲ ನಗದೆ ಓದುತ್ತೇನೆ.